ಅಡಿಕೆಯ ಡಬ್ಬ, ಭೂತರಾಯ ಮತ್ತು ನೀತಿಯ ಬೇರು

ನೀತಿಗೆ ದೇವರು ಬೇಕೇ ಎಂದು ಕೇಳುವ ನೀತಿಶಾಸ್ತ್ರದ ಭಾಗದಲ್ಲಿ ನಾವು ಬಹಳ ಮಂದಿ ಎಡವುವುದು ಒಂದೇ ಜಾಗದಲ್ಲಿ. ‘ಮೌಲ್ಯ ನಮಗೆ ಎಲ್ಲಿಂದ ಬಂತು?’ ಎಂಬುದು ಒಂದು ಪ್ರಶ್ನೆ. ‘ಅದನ್ನು ಏಕೆ ಪಾಲಿಸಬೇಕು?’ ಎಂಬುದು ಇನ್ನೊಂದು. ಪರೀಕ್ಷೆಯಲ್ಲಿ ಒಂದನ್ನು ಕೇಳಿದರೆ ಮತ್ತೊಂದಕ್ಕೆ ಉತ್ತರ ಬರೆದು ಬರುತ್ತೇವೆ.

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವುದನ್ನೇ ತೆಗೆದುಕೊಳ್ಳಿ. ನಮ್ಮ ಮನೆಯಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದರು. ಅಳೆಯುವವರು ಡಬ್ಬವನ್ನು ಒಮ್ಮೆ ಕುಲುಕಿದರೆ ಸಾಕು, ಅಡಿಕೆ ತಗ್ಗಿ ಇನ್ನೆರಡು ಹಿಡಿ ಹಿಡಿಸುತ್ತದೆ. ಸುಲಿದವರಿಗೆ ಅಷ್ಟು ನಷ್ಟ. ಅಜ್ಜಿ ಕುಲುಕುತ್ತಿರಲಿಲ್ಲ. ‘ಭೂತರಾಯ ನೋಡುತ್ತಾನೆ’ ಎಂದು ಊರು ಕಾಯುವ ದೈವದ ಹೆಸರು ಹೇಳುತ್ತಿದ್ದರು. ಅವರ ಹಿರಿಯ ಮಗ, ನನ್ನ ದೊಡ್ಡಪ್ಪ, ಯಾವ ದೇವರಿಗೂ ಕೈಮುಗಿದವರಲ್ಲ; ಅವರೂ ಕುಲುಕುತ್ತಿರಲಿಲ್ಲ. ‘ಆ ಬೆನ್ನುನೋವು ನನಗೆ ಗೊತ್ತು’ ಎನ್ನುತ್ತಿದ್ದರು. ಅಳತೆಯನ್ನು ಇಬ್ಬರೂ ಕಲಿತದ್ದು ಹಿರಿಯರ ಕೈ ನೋಡಿ, ಮುಯ್ಯಾಳಿನ, ಅಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಆಳಾಗಿ ಹೋಗುವ, ಕೊಡುಕೊಳ್ಳುವಿಕೆಯಲ್ಲಿ. ಮೊದಲ ಪ್ರಶ್ನೆಗೆ ಇಬ್ಬರದೂ ಒಂದೇ ಉತ್ತರ. ದಾರಿ ಕವಲೊಡೆಯುವುದು ಎರಡನೆಯದರಲ್ಲಿ.

ಇಲ್ಲಿ ಗ್ರೀಕ್ ತತ್ವಜ್ಞಾನಿ ಪ್ಲೇಟೋನ ‘ಯೂಥಿಫ್ರೋ’ ಸಂವಾದವನ್ನು ನಿಧಾನವಾಗಿ ಓದಬೇಕು. ಯೂಥಿಫ್ರೋನ ತಂದೆ, ಕೊಲೆ ಮಾಡಿದ ಒಬ್ಬ ಕೂಲಿಯಾಳಿನ ಕೈಕಾಲು ಕಟ್ಟಿ ಗುಂಡಿಗೆ ಹಾಕಿಸುತ್ತಾನೆ. ಏನು ಮಾಡಬೇಕೆಂದು ಅಥೆನ್ಸಿಗೆ ಕೇಳಿಕಳುಹಿಸಿದ್ದಕ್ಕೆ ಉತ್ತರ ಬರುವಷ್ಟರಲ್ಲಿ ಆಳು ಹಸಿವು, ಚಳಿಗೆ ಸತ್ತಿರುತ್ತಾನೆ. ತಂದೆಯ ಮೇಲೆ ದೂರು ಕೊಡುವುದೇ ದೇವರಿಗೆ ಪ್ರಿಯವಾದದ್ದು ಎಂದು ಮಗ ಹೇಳುತ್ತಾನೆ. ಆಗ ಸಾಕ್ರಟೀಸ್ ಕೇಳುತ್ತಾನೆ: ಪುಣ್ಯಕಾರ್ಯವನ್ನು ದೇವರುಗಳು ಮೆಚ್ಚುವುದು ಅದು ಪುಣ್ಯವಾದ್ದರಿಂದಲೋ, ಅಥವಾ ಅವರು ಮೆಚ್ಚಿದ್ದರಿಂದ ಅದು ಪುಣ್ಯವಾಗುತ್ತದೆಯೋ? ಮೆಚ್ಚಿದ್ದೇ ಪುಣ್ಯವೆಂದರೆ ಕ್ರೌರ್ಯವೂ ಪುಣ್ಯವಾದೀತು. ಮೊದಲನೆಯದನ್ನು ಒಪ್ಪಿದರೆ ಒಳಿತಿನ ಅಳತೆಗೋಲು ದೇವರ ಇಚ್ಛೆಯ ಹೊರಗೆ ಉಳಿಯುತ್ತದೆ.

ನಾನೊಮ್ಮೆ ಅಜ್ಜಿಯನ್ನು ಕೇಳಿದ್ದೆ: ‘ಭೂತರಾಯನೇ ಕುಲುಕು ಎಂದರೆ?’ ಅವರು ತಡಮಾಡಲಿಲ್ಲ. ‘ಹಾಗೆ ಹೇಳಿದರೆ ಅದು ಭೂತರಾಯನ ಮಾತಲ್ಲ ಮಗು, ಬೇರೆ ಯಾರೋ ಹೇಳಿದ್ದು.’ ದಯೆಯೇ ಧರ್ಮದ ಮೂಲ, ಅದಿಲ್ಲದ್ದನ್ನು ದೇವರು ಒಲ್ಲ ಎಂದ ಬಸವಣ್ಣನವರ ನಿಲುವೂ ಇದರ ಹತ್ತಿರವೇ ಇದೆ. ಭಕ್ತರಿಗೆ ಸ್ವಂತ ವಿವೇಕವಿಲ್ಲ, ಬರೀ ಭಯ ಎಂದು ಬರೆಯುವುದು ನನ್ನ ಮಟ್ಟಿಗೆ ತಪ್ಪು, ಅನ್ಯಾಯ ಕೂಡ.

‘ನಾಸ್ತಿಕ’ ಪದದ ಬಗ್ಗೆಯೂ ಎಚ್ಚರವಿರಲಿ. ಭಾರತೀಯ ದರ್ಶನಗಳಲ್ಲಿ ಅದರ ರೂಢಿಯ ಅರ್ಥ ವೇದಪ್ರಾಮಾಣ್ಯವನ್ನು ಒಪ್ಪದವನು ಎಂದು. ಹೊಸನಗರ ತಾಲ್ಲೂಕಿನ ಜೈನ ಕ್ಷೇತ್ರ ಹುಂಚಕ್ಕೆ ಹೋದರೆ ಬಸದಿ, ಪೂಜೆ ಎಲ್ಲವೂ ಇವೆ. ಆದರೆ ಜೈನದರ್ಶನದಲ್ಲಿ ಸೃಷ್ಟಿಕರ್ತನಿಲ್ಲ, ತೀರ್ಪು ಕೊಡುವ ದೇವರೂ ಇಲ್ಲ. ಕರ್ಮ ತಾನಾಗಿ ಅಂಟುತ್ತದೆ. ಅಷ್ಟು ಕಠಿಣವಾದ ಅಹಿಂಸೆ ದೇವರ ಆಜ್ಞೆಯಿಲ್ಲದೆ ನಿಂತಿದೆ.

ಹಾಗೆಂದು ನಿರೀಶ್ವರವಾದಿಯ ಹೊಣೆ ಹಗುರವಲ್ಲ. ದೊಡ್ಡಪ್ಪನ ಅನುಕಂಪ ಕಣ್ಣೆದುರಿನ ಬೆನ್ನಿಗೆ ಸರಿ. ಶಿವಮೊಗ್ಗದ ಮಂಡಿಗೆ ಹೋಗುವ ಚೀಲದಲ್ಲಿ ರಾಶಿ ಇಡಿ ಎಂಬ ಒಳ್ಳೆಯ ದರ್ಜೆಯ ಅಡಿಕೆಯ ನಡುವೆ ಗೊರಬಲು ಎಂಬ ಕೀಳು ದರ್ಜೆಯದನ್ನು ಬೆರೆಸಿದರೆ, ಮೋಸಹೋಗುವ ದೂರದ ವ್ಯಾಪಾರಿಯ ಮುಖ ಅವರಿಗೆ ಕಾಣುವುದಿಲ್ಲ. ಅನುಕಂಪ ಹತ್ತಿರದವರತ್ತ ಹೆಚ್ಚು ವಾಲುತ್ತದೆ ಎಂಬುದನ್ನು ಅನುಕಂಪವನ್ನೇ ನೀತಿಯ ಆಧಾರವೆಂದ ತತ್ವಜ್ಞಾನಿ ಹ್ಯೂಮ್ ಕೂಡ ಒಪ್ಪಿದ್ದ. ಇಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ 1785ರಲ್ಲಿ ಕೊಟ್ಟ ಪರೀಕ್ಷೆ ನೆರವಿಗೆ ಬರುತ್ತದೆ: ನಿನ್ನ ನಡೆ ಎಲ್ಲರಿಗೂ ನಿಯಮವಾದರೆ ಏನಾಗುತ್ತದೆ? ಬೆಳೆಗಾರರೆಲ್ಲರೂ ಬೆರೆಸಿದರೆ ‘ರಾಶಿ ಇಡಿ’ ಎಂಬ ಮಾತನ್ನು ಯಾರೂ ನಂಬುವುದಿಲ್ಲ. ಯಾರೂ ನಂಬದಿದ್ದರೆ ಬೆರೆಸಿ ಮೋಸ ಮಾಡಲೂ ಆಗುವುದಿಲ್ಲ.