ಪಂದಿಕರಿಯ ಹುಳಿ ತೂಕ ಇಳಿಸುವ ಮಾತ್ರೆಯಾದದ್ದು ಹೇಗೆ?

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಮಸಾಲೆ ಅಂಗಡಿಗಳಲ್ಲಿ ಸಿಗುವ, ಹಣ್ಣಿನ ರಸ ಬತ್ತಿಸಿ ಮಾಡಿದ ಕಪ್ಪನೆಯ ಹುಳಿ ಕಾಚಂಪುಳಿಗೆ ಈಗ ಎರಡು ಬಗೆಯ ಗಿರಾಕಿಗಳಿದ್ದಾರೆ. ಕೆಲವರಿಗೆ ಕೊಡಗಿನ ಹಂದಿಮಾಂಸದ ಅಡುಗೆಯಾದ ಪಂದಿಕರಿ ಮಾಡಬೇಕು, ಇನ್ನು ಕೆಲವರಿಗೆ ಹೊಟ್ಟೆ ಕರಗಿಸಬೇಕು. ಎರಡನೆಯವರ ನಂಬಿಕೆಗೆ ಮೂಲ ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಮಾರಾಟವಾಗುವ ಮಾತ್ರೆ. ಮರ ಒಂದೇ, ಹಣ್ಣೂ ಒಂದೇ. ಆದರೂ ಅಡುಗೆಮನೆಯ ಹುಳಿಯನ್ನೂ ಆ ಮಾತ್ರೆಯನ್ನೂ ಒಂದೇ ಎಂದುಕೊಳ್ಳುವುದು ತಪ್ಪು. ಈ ತಪ್ಪಿನಿಂದ ಕೆಲವರ ಲಿವರ್ ಹಾಳಾಗಿದೆ.

ಕೊಡಗಿನಲ್ಲಿ ಈ ಹಣ್ಣಿಗೆ ಪಣಪುಳಿ ಎನ್ನುತ್ತಾರೆ. ಮಲೆನಾಡು, ಉತ್ತರ ಕನ್ನಡದ ಕಡೆ ಇದೇ ಉಪ್ಪಾಗೆ. ಸಸ್ಯಶಾಸ್ತ್ರದಲ್ಲಿ ಈಗಿನ ಹೆಸರು ಗಾರ್ಸೀನಿಯಾ ಗಮ್ಮಿ-ಗುಟ್ಟ. ಮಾತ್ರೆಯ ಸೀಸೆಗಳು ಮಾತ್ರ ಹಳೆಯ ಹೆಸರನ್ನೇ ಹಿಡಿದುಕೊಂಡಿವೆ. ಪುನರ್ಪುಳಿ ಅಥವಾ ಮುರುಗಲು ಇದರ ಹತ್ತಿರದ ನೆಂಟ, ಆದರೆ ಬೇರೆ ಮರ. ಪಣಪುಳಿ ಮಳೆಗಾಲದಲ್ಲಿ ಹಳದಿಯಾಗಿ ಹಣ್ಣಾಗುತ್ತದೆ, ಮೈಮೇಲೆ ಉದ್ದುದ್ದ ಗೀರುಗಳಿರುತ್ತವೆ.

ಕಾಚಂಪುಳಿ ಮಾಡುವವರು ನೆಲಕ್ಕೆ ಬಿದ್ದ ಕಳಿತ ಹಣ್ಣನ್ನೇ ಆರಿಸುತ್ತಾರೆ. ಕಾಯಿ ಕಿತ್ತರೆ ರಸ ಬಿಡುವುದಿಲ್ಲ. ಬಿದಿರಿನ ಬುಟ್ಟಿಗೆ ಹಣ್ಣು ತುಂಬಿ ಕೆಳಗೊಂದು ಪಾತ್ರೆ ಇಟ್ಟರೆ, ಹಣ್ಣು ಮೆತ್ತಗಾದಂತೆ ಕೆಲವು ದಿನ ರಸ ತೊಟ್ಟಿಕ್ಕುತ್ತದೆ. ಮಳೆನೀರು ಒಳಸೇರದಂತೆ ಬುಟ್ಟಿಯನ್ನು ಮುಚ್ಚಿಡಬೇಕು. ರಸವನ್ನು ಸೋಸಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಕಪ್ಪಾಗಿ ಸೌಟಿಗೆ ಅಂಟುವಷ್ಟು ಬತ್ತಿಸಬೇಕು. ಬೇಗ ಇಳಿಸಿದರೆ ನೀರಿನಂಶ ಉಳಿದು ಬೂಷ್ಟು ಬರುತ್ತದೆ. ಕೊನೆಯ ಹಂತದಲ್ಲಿ ಕೈ ಬಿಟ್ಟರೆ ತಳ ಹಿಡಿದು ಕಹಿಯಾಗುತ್ತದೆ. ಆಮ್ಲ ಲೋಹವನ್ನು ತಿನ್ನುವುದರಿಂದ ಅಲ್ಯೂಮಿನಿಯಂ ಪಾತ್ರೆಯಾಗಲಿ, ಕಲಾಯಿಯಿಲ್ಲದ ಹಿತ್ತಾಳೆಯಾಗಲಿ ಬೇಡ; ಮಣ್ಣಿನದೋ ಸ್ಟೀಲಿನದೋ ಆಗಬೇಕು. ಸರಿಯಾಗಿ ಬತ್ತಿಸಿದ್ದು ಗಾಜಿನ ಸೀಸೆಯಲ್ಲಿ ವರ್ಷಗಟ್ಟಲೆ ಕೆಡದು. ಒಂದು ಕೆ.ಜಿ. ಹಂದಿಮಾಂಸಕ್ಕೆ ಒಂದು ದೊಡ್ಡ ಚಮಚ ಸಾಕು, ಅದೂ ಮಾಂಸ ಬೆಂದ ಮೇಲೆ.

ಈ ಹುಳಿಯಲ್ಲಿರುವುದು ಯಾವ ಆಮ್ಲ ಎಂಬುದನ್ನು ಖಚಿತವಾಗಿ ಹೇಳಿದವರು ನಮ್ಮ ಪಕ್ಕದ ಮೈಸೂರಿನವರೇ. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ, ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಸಂಕ್ಷೇಪದಲ್ಲಿ ಎಚ್‌ಸಿಎ. ನಿಂಬೆಯ ಸಿಟ್ರಿಕ್ ಆಮ್ಲಕ್ಕೂ ಇದಕ್ಕೂ ರಚನೆಯಲ್ಲಿ ಅಲ್ಪ ವ್ಯತ್ಯಾಸವಷ್ಟೆ. ಮುಂದಿನ ಕಥೆಯೆಲ್ಲ ಹುಟ್ಟಿದ್ದು ಆ ಅಲ್ಪ ವ್ಯತ್ಯಾಸದಿಂದ.

1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು, ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವವನ್ನು ಎಚ್‌ಸಿಎ ಬಲವಾಗಿ ತಡೆಯುತ್ತದೆ ಎಂದು ಕಂಡುಕೊಂಡರು. ಜೀವಕೋಶದಲ್ಲಿ ಸಿಟ್ರೇಟನ್ನು ಒಡೆದು, ಕೊಬ್ಬು ಮತ್ತು ಕೊಲೆಸ್ಟ್ರಾಲ್ ತಯಾರಿಕೆಗೆ ಬೇಕಾದ ಕಚ್ಚಾವಸ್ತುವನ್ನು ಒದಗಿಸುವುದು ಈ ಕಿಣ್ವದ ಕೆಲಸ. ಸಿಟ್ರೇಟ್ ಕೂರಬೇಕಾದ ಜಾಗದಲ್ಲಿ ಅದರಂತೆಯೇ ಕಾಣುವ ಎಚ್‌ಸಿಎ ಬಂದು ಕೂತರೆ ಕೆಲಸ ನಿಲ್ಲುತ್ತದೆ. 1970ರ ದಶಕದಲ್ಲಿ ಹಾಫ್‌ಮನ್-ಲಾ ರೋಶ್ ಕಂಪನಿಯ ವಿಜ್ಞಾನಿಗಳು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಕಡಿಮೆ ತಿಂದವು, ಅವುಗಳ ಮೈಯಲ್ಲಿ ಕೊಬ್ಬು ಕಟ್ಟುವುದೂ ತಗ್ಗಿತು.

ಇಲಿಗೂ ಮನುಷ್ಯನಿಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಹಿಟ್ಟು, ಸಕ್ಕರೆಯೇ ಹೆಚ್ಚಿರುವ ಮೇವು ತಿನ್ನುವ ಇಲಿಯ ಲಿವರ್ ಅದರಿಂದ ಹೊಸ ಕೊಬ್ಬನ್ನು ಧಾರಾಳವಾಗಿ ತಯಾರಿಸುತ್ತದೆ. ಸಾಮಾನ್ಯ ಊಟ ಮಾಡುವ ಮನುಷ್ಯನ ಮೈಯಲ್ಲಿ ಹೀಗೆ ಹೊಸದಾಗಿ ತಯಾರಾಗುವ ಕೊಬ್ಬು ಬಹಳ ಕಡಿಮೆ. ಸೊಂಟದ ಸುತ್ತ ಕೂರುವುದು ಬಹುಮಟ್ಟಿಗೆ ಊಟದಲ್ಲಿ ಬಂದ ಕೊಬ್ಬೇ. ನಡೆಯದ ಕಾರ್ಖಾನೆಗೆ ಬೀಗ ಹಾಕಿದರೆ ಉಗ್ರಾಣ ಖಾಲಿಯಾಗುವುದಿಲ್ಲ.

ಮಾರುಕಟ್ಟೆ ಈ ವ್ಯತ್ಯಾಸಕ್ಕೆ ಕಾಯಲಿಲ್ಲ. 1994ರಲ್ಲಿ ಬಂದ ಅಮೆರಿಕದ ಕಾನೂನಿನ ಪ್ರಕಾರ ಪೂರಕ ಆಹಾರವೆಂದು ಮಾರುವ ಮಾತ್ರೆಗೆ ಮಾರಾಟಕ್ಕೆ ಮೊದಲು ಸರ್ಕಾರದ ಒಪ್ಪಿಗೆ ಬೇಕಿಲ್ಲ. ಎಚ್‌ಸಿಎ ಮಾತ್ರೆಗಳ ಬೇಡಿಕೆ ಏರಿದಂತೆ ಪಶ್ಚಿಮ ಘಟ್ಟದ ಉಪ್ಪಾಗೆ ಸಿಪ್ಪೆಗೂ ಬೆಲೆ ಬಂತು. ಉತ್ತರ ಕನ್ನಡದ ಕಾಡುಗಳಲ್ಲಿ, ಬೇರೆಯವರು ಕಿತ್ತುಕೊಳ್ಳುವ ಮೊದಲೇ ತಮಗಿರಲಿ ಎಂದು ಕಾಯಿಯನ್ನೇ ಕೀಳುವುದು, ಕೊಂಬೆ ಕಡಿಯುವುದು ಶುರುವಾಯಿತು. ಮಳೆಗಾಲದ ಹಣ್ಣು ಬಿಸಿಲಿಗೆ ಒಣಗದು. ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಲು ಕಾಡಿನ ಸೌದೆ ಹೇರಳವಾಗಿ ಉರಿಯಿತು. ಮಾತ್ರೆ ಕೊಳ್ಳುವವರ ಕಣ್ಣಿಗೆ ಈ ಲೆಕ್ಕ ಬೀಳುವುದೇ ಇಲ್ಲ.

ಮನುಷ್ಯರ ಮೇಲೆ ಮೊದಲ ಗಟ್ಟಿ ಪರೀಕ್ಷೆಯ ಫಲಿತಾಂಶ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರು ತೂಕ ಹೆಚ್ಚಿದ್ದ 135 ಜನರನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ಒಂದೇ ಪಥ್ಯ ಹೇಳಿ, 12 ವಾರ ನೋಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಇನ್ನೊಂದಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ. ಎಚ್‌ಸಿಎ ತಿಂದವರು ಸರಾಸರಿ 3.2 ಕೆ.ಜಿ. ಇಳಿದರು, ಹುಸಿ ಮಾತ್ರೆಯವರು 4.1 ಕೆ.ಜಿ. ತೂಕ ಇಳಿಸಿದ್ದು ಪಥ್ಯ. ಮಾತ್ರೆಯ ಪಾಲು ಏನೂ ಇರಲಿಲ್ಲ. 2011ರಲ್ಲಿ ಬ್ರಿಟನ್ನಿನ ಸಂಶೋಧಕರು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ ಮಾತ್ರೆಯ ಪರವಾಗಿ ಸಿಕ್ಕ ಅಂತರ ಸುಮಾರು 0.88 ಕೆ.ಜಿ. ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಅದೂ ನಿಲ್ಲಲಿಲ್ಲ.

ಆದರೂ 2012ರ ಹೊತ್ತಿಗೆ ಅಮೆರಿಕದ ಟಿವಿ ವೈದ್ಯ ಮೆಹ್ಮೆಟ್ ಓಜ್ ಅವರ ಕಾರ್ಯಕ್ರಮದಿಂದ ಈ ಮಾತ್ರೆಗೆ ಇನ್ನಷ್ಟು ಪ್ರಚಾರ ಸಿಕ್ಕಿತು. 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿ ಅವರನ್ನು ಕರೆಸಿ, ತೂಕ ಇಳಿಸುವ ಇಂಥ ಸರಕುಗಳ ಹೊಗಳಿಕೆಯ ಬಗ್ಗೆ ಪ್ರಶ್ನಿಸಿತು.

ಲಿವರ್‌ನ ವಿಷಯ ಇದಕ್ಕಿಂತ ಗಂಭೀರ. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಸರಕುಗಳನ್ನು ಬಳಸಬೇಡಿ ಎಂದು ಎಚ್ಚರಿಸಿತು. ಅವುಗಳಲ್ಲಿ ಗಾರ್ಸೀನಿಯಾದ ಜೊತೆ ಬೇರೆ ಹಲವು ಸಾರಗಳೂ ಬೆರೆತಿದ್ದುದರಿಂದ ಲಿವರ್ ಕೆಡಿಸಿದ್ದು ಯಾವುದೆಂದು ಬೊಟ್ಟು ಮಾಡುವುದು ಕಷ್ಟವಾಗಿತ್ತು. ಅಮೆರಿಕದ ಔಷಧಜನ್ಯ ಲಿವರ್ ಹಾನಿಯ ಅಧ್ಯಯನ ಜಾಲವು 2004ರಿಂದ 2018ರವರೆಗೆ ದಾಖಲಾದ ರೋಗಿಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ವರದಿ ಹೆಚ್ಚು ಸ್ಪಷ್ಟವಾಗಿದೆ. 22 ಪ್ರಕರಣಗಳಿಗೆ ಗಾರ್ಸೀನಿಯಾ ಇದ್ದ ಮಾತ್ರೆಗಳು ಕಾರಣವೆಂದು ಕಂಡುಬಂತು. 5 ಜನ ಗಾರ್ಸೀನಿಯಾವನ್ನಷ್ಟೇ ತೆಗೆದುಕೊಂಡಿದ್ದರು, 16 ಜನರ ಮಾತ್ರೆಯಲ್ಲಿ ಗ್ರೀನ್ ಟೀ ಸಾರವೂ ಇತ್ತು. ದೇಹದ ರಕ್ಷಣಾ ವ್ಯವಸ್ಥೆಗೆ ಸಂಬಂಧಿಸಿದ ಎಚ್‌ಎಲ್‌ಎ-ಬಿ 35:01 ಎಂಬ ವಂಶವಾಹಿ ರೂಪ ಇವರಲ್ಲಿ ಶೇ 55 ಮಂದಿಯಲ್ಲಿತ್ತು. ಸಾಮಾನ್ಯ ಔಷಧಿಗಳಿಂದ ಲಿವರ್ ಕೆಟ್ಟವರಲ್ಲಿ ಶೇ 12ರಷ್ಟು ಮಾತ್ರ. ಅಂದರೆ ಒಂದೇ ಮಾತ್ರೆ ತಿಂದ ಹಲವರಿಗೆ ಏನೂ ಆಗದೆ, ಒಬ್ಬರಿಗೆ ಮಾತ್ರ ಕಾಮಾಲೆ ಬರುವುದಕ್ಕೆ ಆ ವ್ಯಕ್ತಿಯ ದೇಹದ ರಕ್ಷಣಾ ವ್ಯವಸ್ಥೆಯೂ ಕಾರಣ ಇರಬಹುದು. ‘ನನ್ನ ಸ್ನೇಹಿತೆಗೆ ಏನೂ ಆಗಿಲ್ಲ’ ಎಂಬ ಭರವಸೆ ಆದ್ದರಿಂದಲೇ ಕೆಲಸಕ್ಕೆ ಬಾರದು. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಆನ್ಸೆಸ್ 2025ರಲ್ಲಿ, ಈ ಸಸ್ಯವಿರುವ ಪೂರಕ ಮಾತ್ರೆಗಳನ್ನು ಸೇವಿಸಲೇಬೇಡಿ ಎಂದು ಸಲಹೆ ಕೊಟ್ಟಿತು.

ಇಷ್ಟಾದರೂ ಜನ ಏಕೆ ಕೊಳ್ಳುತ್ತಾರೆ? ‘ನೈಸರ್ಗಿಕ’ ಎಂಬ ಪದವೇ ಅರ್ಧ ವ್ಯಾಪಾರ ಮುಗಿಸುತ್ತದೆ. ಉಳಿದರ್ಧದ ಸುಳಿವು ತೈವಾನಿನಲ್ಲಿ ಚಿಯೂ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಎಲ್ಲರಿಗೂ ಒಂದೇ ಹುಸಿ ಮಾತ್ರೆ ಕೊಟ್ಟು, ಅರ್ಧ ಜನರಿಗೆ ಮಾತ್ರ ಅದು ವಿಟಮಿನ್ ಎಂದು ಹೇಳಿದರು. ವಿಟಮಿನ್ ಎಂದು ನಂಬಿದವರಲ್ಲಿ ವ್ಯಾಯಾಮದ ಮನಸ್ಸು ಕುಗ್ಗಿತು, ಅವರು ನಡೆದದ್ದೂ ಕಡಿಮೆ. ನಾನು ಆರೋಗ್ಯಕ್ಕೆ ಏನೋ ಮಾಡಿದ್ದೇನೆ ಎಂಬ ಸಮಾಧಾನ ಮುಂದಿನ ಕೆಲಸಕ್ಕೆ ಸಡಿಲು ಕೊಡುತ್ತದೆ. ತೂಕದ ಮಾತ್ರೆಯ ವಿಷಯದಲ್ಲಿ ಈ ಸಡಿಲು ದುಬಾರಿ, ಏಕೆಂದರೆ ನಿಜಕ್ಕೂ ತೂಕ ಇಳಿಸುವುದು ಆ ಪಥ್ಯ ಮತ್ತು ನಡಿಗೆಯೇ.

ಹಾಗಾದರೆ ಪಂದಿಕರಿಗೂ ಹೆದರಬೇಕೇ? ಬೇಕಿಲ್ಲ. ಒಂದು ಚಮಚ ಕಾಚಂಪುಳಿ ಐದಾರು ಜನರ ಪಾಲಿಗೆ ಹಂಚಿಹೋಗುತ್ತದೆ, ಅದೂ ಎಂದಾದರೊಮ್ಮೆ. ರಸವನ್ನು ಕಾಯಿಸಿ ಬತ್ತಿಸುವಾಗ ಎಚ್‌ಸಿಎ ಭಾಗಶಃ ಲ್ಯಾಕ್ಟೋನ್ ರೂಪಕ್ಕೆ ತಿರುಗುತ್ತದೆ, ಆ ರೂಪಕ್ಕೆ ಕಿಣ್ವವನ್ನು ತಡೆಯುವ ಶಕ್ತಿ ಕಡಿಮೆ. ಹೀಗಾಗಬಾರದೆಂದೇ ಮಾತ್ರೆ ತಯಾರಕರು ಆಮ್ಲವನ್ನು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣ ಮಾಡಿ, ಸಾಂದ್ರಗೊಳಿಸಿ, ದಿನವೂ ತಿಂಗಳುಗಟ್ಟಲೆ ತಿನ್ನಿಸುತ್ತಾರೆ. ಅದೇ ಕಾರಣಕ್ಕೆ, ತೂಕ ಇಳಿಯಲೆಂದು ಕಾಚಂಪುಳಿಯನ್ನು ನೀರಿಗೆ ಬೆರೆಸಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವುದರಲ್ಲಿ ಅರ್ಥವಿಲ್ಲ. ಅಷ್ಟು ಗಾಢ ಆಮ್ಲ ಹಲ್ಲಿನ ಎನಾಮೆಲ್ ತಿನ್ನುತ್ತದೆ, ಹೊಟ್ಟೆ ಉರಿಸುತ್ತದೆ.

ಮೂಲ ವಿಜ್ಞಾನ ವ್ಯರ್ಥವಾಗಲಿಲ್ಲ ಎಂಬುದನ್ನೂ ಹೇಳಬೇಕು. ಅದೇ ಎಟಿಪಿ ಸಿಟ್ರೇಟ್ ಲೈಯೇಸ್ ಕಿಣ್ವವನ್ನು ತಡೆಯುವ ಬೆಂಪೆಡೋಯಿಕ್ ಆಮ್ಲ ಎಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ತೂಕಕ್ಕಲ್ಲ, ಕೊಲೆಸ್ಟ್ರಾಲಿಗೆ. ಈ ಔಷಧಿಯನ್ನು ಚುರುಕುಗೊಳಿಸುವ ಇನ್ನೊಂದು ಕಿಣ್ವ ಲಿವರ್‌ನಲ್ಲಿದೆ, ಸ್ನಾಯುಗಳಲ್ಲಿ ಇಲ್ಲ. ಆದ್ದರಿಂದ ಕೊಲೆಸ್ಟ್ರಾಲ್ ಇಳಿಸಲು ಸಾಮಾನ್ಯವಾಗಿ ಕೊಡುವ ಸ್ಟ್ಯಾಟಿನ್ ಮಾತ್ರೆಯಿಂದ ಮೈಕೈ ನೋವು ಬರುವವರಿಗೆ ಅನುಕೂಲ. ಸ್ಟ್ಯಾಟಿನ್ ತೆಗೆದುಕೊಳ್ಳಲಾಗದ 13,970 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅಪಾಯಗಳು ಶೇ 13ರಷ್ಟು ತಗ್ಗಿದವು. ಒಪ್ಪಿಗೆಗೆ ಮೊದಲು ಪರೀಕ್ಷೆ, ನಿಗದಿತ ಪ್ರಮಾಣ, ವೈದ್ಯರ ಚೀಟಿ: ಪೂರಕ ಮಾತ್ರೆಗೆ ಇಲ್ಲದ್ದು ಇವೇ.

ನಮ್ಮಲ್ಲಿ ಸೀಸೆಯ ಮೇಲಿನ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಸಂಖ್ಯೆಯನ್ನು ಹಲವರು ಪರಿಣಾಮದ ಖಾತರಿ ಎಂದು ಓದುತ್ತಾರೆ. ಅದು ಆಹಾರ ವ್ಯವಹಾರಕ್ಕೆ ಕೊಟ್ಟ ಪರವಾನಗಿ ಅಷ್ಟೆ. ಮಾತ್ರೆ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಈ ಲಕ್ಷಣಗಳನ್ನು ಗಮನಿಸಿ: ಕಾರಣವಿಲ್ಲದ ಸುಸ್ತು, ವಾಕರಿಕೆ, ಊಟ ಸೇರದಿರುವುದು, ಗಾಢ ಬಣ್ಣದ ಮೂತ್ರ, ಕಣ್ಣಿನ ಬಿಳಿಭಾಗ ಹಳದಿಯಾಗುವುದು. ಇವು ಮಾತ್ರೆ ಶುರುಮಾಡಿದ ಕೆಲವು ವಾರಗಳಿಗೂ ಬರಬಹುದು, ಕೆಲವು ತಿಂಗಳ ಮೇಲೂ ಬರಬಹುದು. ಬಂದರೆ ಅಂದೇ ಮಾತ್ರೆ ನಿಲ್ಲಿಸಿ, ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಬೇಕು. ವೈದ್ಯರ ಬಳಿಗೆ ಸೀಸೆಯನ್ನೇ ಕೊಂಡೊಯ್ಯಿರಿ. ‘ಯಾವುದಾದರೂ ಔಷಧಿ ತಗೊಳ್ತಿದ್ದೀರಾ?’ ಎಂದು ಕೇಳಿದಾಗ ಗಿಡಮೂಲಿಕೆಯ ಮಾತ್ರೆಯನ್ನು ಔಷಧಿಯೆಂದು ಎಣಿಸದೆ ಇಲ್ಲವೆನ್ನುವವರು ಬಹಳ, ಆಗ ಕಾಮಾಲೆಯ ಕಾರಣ ಹುಡುಕುವುದರಲ್ಲೇ ಅಮೂಲ್ಯ ದಿನಗಳು ಹೋಗುತ್ತವೆ.