ಲಿಪಿಡ್ ನ್ಯಾನೊಕಣ: ನೀರಿಗೆ ಒಗ್ಗದ ಔಷಧಿಗೆ ಜಿಡ್ಡಿನ ಆಸರೆ

ಫೆನೊಫೈಬ್ರೇಟ್ ಅಂತ ಒಂದು ಔಷಧಿ ಇದೆ. ರಕ್ತದಲ್ಲಿ ಕೊಬ್ಬು ಜಾಸ್ತಿಯಾದಾಗ ಕೊಡುತ್ತಾರೆ. ಅದರ ಬಿಳಿ ಪುಡಿಯನ್ನು ಚಿಟಿಕೆಯಷ್ಟು ನೀರಿಗೆ ಹಾಕಿ ಎಷ್ಟೇ ಕುಲುಕಿದರೂ ಕರಗುವುದಿಲ್ಲ. ಒಂದಷ್ಟು ಮೇಲೆ ತೇಲುತ್ತದೆ, ಒಂದಷ್ಟು ಗಾಜಿಗೆ ಅಂಟಿಕೊಳ್ಳುತ್ತದೆ. ಕರುಳಿನಲ್ಲೂ ಇದೇ ತೊಂದರೆ. ಕರುಳಿನ ಗೋಡೆ ದಾಟಬೇಕಾದರೆ ಔಷಧಿ ಮೊದಲು ಬಿಡಿಬಿಡಿ ಅಣುಗಳಾಗಬೇಕು. ಕರಗದೆ ಉಳಿದ ಪುಡಿ ಬಂದ ಹಾಗೇ ಹೊರಗೆ ಹೋಗುತ್ತದೆ. ನುಂಗಿದ್ದು ಪೂರ್ತಿ ಡೋಸ್, ರಕ್ತ ಸೇರಿದ್ದು ಸ್ವಲ್ಪವೇ!

ಇಂಥ ಔಷಧಿಗಳಿಗೆ ಹುಡುಕಿಕೊಂಡ ದಾರಿಗಳಲ್ಲಿ ಒಂದು ಲಿಪಿಡ್ ನ್ಯಾನೊಕಣ. ಲಿಪಿಡ್ ಅಂದರೆ ಕೊಬ್ಬು, ಎಣ್ಣೆ, ಮೇಣದ ಜಾತಿಯ ವಸ್ತು. ನ್ಯಾನೊಮೀಟರ್ ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಈ ಕಣಗಳು ಸಾಮಾನ್ಯವಾಗಿ 50ರಿಂದ ಕೆಲವು ನೂರು ನ್ಯಾನೊಮೀಟರ್ ಇರುತ್ತವೆ.

ಇದನ್ನು ಔಷಧಿಯ 'ಕರಗುವಿಕೆ ಹೆಚ್ಚಿಸುವುದು' ಎನ್ನುವುದುಂಟು, ಆದರೆ ಆ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಔಷಧಿಯ ಗುಣ ಬದಲಾಗುವುದಿಲ್ಲ, ಅದು ನೀರಿಗೆ ಒಗ್ಗುವುದೂ ಇಲ್ಲ. ಔಷಧಿ ಕರಗುವುದು ಕೊಬ್ಬಿನಲ್ಲಿ. ಆ ಕೊಬ್ಬನ್ನು ನೀರಿನಲ್ಲಿ ಹರಡುತ್ತಾರೆ, ಅಷ್ಟೇ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಮಾಡುವ ವಿಧಾನ ನೋಡಿ. ಗ್ಲಿಸರೈಲ್ ಬೆಹೆನೇಟ್‌ನಂಥ ಗಟ್ಟಿ ಲಿಪಿಡ್ಡನ್ನು ಅದು ಕರಗುವ ಬಿಸಿಗಿಂತ 5ರಿಂದ 10 ಡಿಗ್ರಿ ಜಾಸ್ತಿ ಕಾಯಿಸುತ್ತಾರೆ. ಔಷಧಿ ಅದರಲ್ಲಿ ಕರಗಿ ತಿಳಿಯಾಗುತ್ತದೆ. ಅದನ್ನು ಅಷ್ಟೇ ಬಿಸಿಯಾದ ನೀರಿಗೆ ಸುರಿದು ಜೋರಾಗಿ ಕಲಕುತ್ತಾರೆ. ನೀರಿನಲ್ಲಿ ಪಾಲಿಸಾರ್ಬೇಟ್ 80ರಂಥ ಸರ್ಫ್ಯಾಕ್ಟಂಟ್ ಇರುತ್ತದೆ. ಜಿಡ್ಡಿಗೂ ನೀರಿಗೂ ನಡುವೆ ನಿಂತು, ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವುದು ಅದರ ಕೆಲಸ. ಆಮೇಲೆ ಆ ಹಾಲಿನಂಥ ದ್ರವವನ್ನು ನೂರಾರು ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡದಲ್ಲಿ ಒಂದು ಕಿರಿದಾದ ಸಂದಿನ ಮೂಲಕ ಹಾಯಿಸುತ್ತಾರೆ. ಹನಿಗಳು ಸಣ್ಣದಾದಂತೆ ಬಿಳುಪಿನ ಅಂಚಿನಲ್ಲಿ ತೆಳು ನೀಲಿ ಛಾಯೆ ಮೂಡುತ್ತದೆ. ತಣ್ಣಗಾದ ಮೇಲೆ ಪ್ರತಿ ಹನಿಯೂ ಗಟ್ಟಿ ಕಣ, ಒಳಗೆ ಔಷಧಿ.

ಸಣ್ಣದಾದರೆ ಏನು ಲಾಭ? ಒಂದು ಮಿಲಿಮೀಟರ್ ಅಗಲದ ಹನಿಯನ್ನು 100 ನ್ಯಾನೊಮೀಟರ್ ಕಣಗಳಾಗಿ ಒಡೆದರೆ ಒಂದು ಲಕ್ಷ ಕೋಟಿ ಕಣಗಳಾಗುತ್ತವೆ. ಒಟ್ಟು ಮೇಲ್ಮೈ 10,000 ಪಟ್ಟು ಹೆಚ್ಚುತ್ತದೆ. ಅಷ್ಟೂ ಮೇಲ್ಮೈ ಮೇಲೆ ಕರುಳಿನಲ್ಲಿ ಕೊಬ್ಬು ಒಡೆಯುವ ಲೈಪೇಸ್ ಕಿಣ್ವ ಕೆಲಸ ಮಾಡಬಹುದು. ಕೊಬ್ಬು ಜೀರ್ಣವಾಗುತ್ತಿದ್ದಂತೆ ಪಿತ್ತರಸ ಬಂದು ಸೇರುತ್ತದೆ. ಆಗ ಹುಟ್ಟುವ ಮೈಸೆಲ್ ಎಂಬ ಇನ್ನೂ ಸಣ್ಣ ಗುಂಪುಗಳು ಔಷಧಿಯನ್ನು ಹೊತ್ತು ಕರುಳಿನ ಗೋಡೆಯವರೆಗೆ ತಲುಪಿಸುತ್ತವೆ. ಕೊಬ್ಬು ಅರಗಿಸಲು ದೇಹದಲ್ಲಿ ಮೊದಲೇ ಇರುವ ವ್ಯವಸ್ಥೆಯನ್ನೇ ಇಲ್ಲಿ ಬಳಸಿಕೊಂಡಿರುವುದು. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ.

1990ರ ದಶಕದ ಆರಂಭದಲ್ಲಿ ಬಂದ ಗಟ್ಟಿ ಲಿಪಿಡ್ ಕಣಗಳಲ್ಲಿ ಒಂದು ಕೊರತೆ ಇತ್ತು. ದಿನ ಕಳೆದಂತೆ ಕೊಬ್ಬಿನ ಅಣುಗಳು ಅಚ್ಚುಕಟ್ಟಾಗಿ ಜೋಡಿಸಿಕೊಂಡು ಹರಳುಗಟ್ಟುತ್ತವೆ. ಒಳಗಿದ್ದ ಔಷಧಿಗೆ ಜಾಗ ಸಾಲದೆ ಅದು ಹೊರಗೆ ಬೀಳುತ್ತದೆ. ಹಾಗಾಗಿ ಆಮೇಲೆ ಗಟ್ಟಿ ಕೊಬ್ಬಿಗೆ ಒಂದಿಷ್ಟು ಎಣ್ಣೆ ಬೆರೆಸಿದರು. ಆಗ ಜೋಡಣೆ ಅಡ್ಡಾದಿಡ್ಡಿಯಾಗಿ, ಸಂದುಗಳಲ್ಲಿ ಔಷಧಿಗೆ ಜಾಗ ಉಳಿಯುತ್ತದೆ. ಇವನ್ನು ನ್ಯಾನೊರಚಿತ ಲಿಪಿಡ್ ವಾಹಕಗಳು ಎನ್ನುತ್ತಾರೆ.

ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಯಲ್ಲೂ ಲಿಪಿಡ್ ನ್ಯಾನೊಕಣ ಇತ್ತು ಅಲ್ವಾ? ಇತ್ತು, ಆದರೆ ಅದರ ಕೆಲಸ ಬೇರೆ. ಎಂಆರ್‌ಎನ್‌ಎ ಅಂದರೆ ಪ್ರೋಟೀನ್ ತಯಾರಿಸಲು ಜೀವಕೋಶಕ್ಕೆ ಸೂಚನೆ ಒಯ್ಯುವ ಅಣು, ಅದು ನೀರಿನಲ್ಲಿ ಚೆನ್ನಾಗಿಯೇ ಕರಗುತ್ತದೆ. ಅಲ್ಲಿ ಕಣ ಬೇಕಾದದ್ದು ಅದು ಒಡೆದುಹೋಗದಂತೆ ಕಾಪಾಡಿ ಜೀವಕೋಶದ ಒಳಗೆ ಸೇರಿಸಲು.

ಇನ್ನು, ನೀರಿನಲ್ಲಿ ಕರಗದ ಎಲ್ಲ ಔಷಧಿಗೂ ಈ ದಾರಿ ಹೊಂದುವುದಿಲ್ಲ. ಔಷಧಿ ತಯಾರಿಸುವವರು ಇಂಥವನ್ನು 'ಜಿಡ್ಡಿನ ಉಂಡೆ', 'ಇಟ್ಟಿಗೆ ಪುಡಿ' ಎಂದು ಎರಡು ಬಗೆಯಾಗಿ ನೋಡುತ್ತಾರೆ. ಫೆನೊಫೈಬ್ರೇಟ್ ಜಿಡ್ಡಿನ ಉಂಡೆಯ ಜಾತಿ: ಸುಮಾರು 80 ಡಿಗ್ರಿ ಬಿಸಿಗೇ ಕರಗಿ ದ್ರವವಾಗುತ್ತದೆ, ಕೊಬ್ಬಿನ ಜೊತೆ ಸಲೀಸಾಗಿ ಬೆರೆಯುತ್ತದೆ. ಗ್ರಿಸಿಯೋಫುಲ್ವಿನ್ ಎಂಬ ಶಿಲೀಂಧ್ರ ನಿರೋಧಕ ಇಟ್ಟಿಗೆ ಪುಡಿಯ ಜಾತಿ: ಅದು ಕರಗಿ ದ್ರವವಾಗಲು ಸುಮಾರು 220 ಡಿಗ್ರಿ ಬಿಸಿ ಬೇಕು. ಅದರ ಹರಳು ಅಷ್ಟು ಬಿಗಿ. ಅಂಥದ್ದು ಎಣ್ಣೆಗೂ ಸುಲಭವಾಗಿ ಒಗ್ಗುವುದಿಲ್ಲ, ಅದಕ್ಕೆ ಬೇರೆ ಉಪಾಯವೇ ಬೇಕು.