ಐದು, ಹತ್ತರ ಮೇಲೆ ಬೀಳುವ ವಯಸ್ಸು: ಜನಗಣತಿಯ ಹಳೆಯ ತೊಡಕು

2011ರ ಜನಗಣತಿಯ ಸಿ-13 ಕೋಷ್ಟಕದಲ್ಲಿ ಒಂದೊಂದು ವಯಸ್ಸಿಗೂ ಎಷ್ಟು ಜನ ಎಂಬ ಲೆಕ್ಕವಿದೆ. ಅದರಲ್ಲಿ 40ರ ಮುಂದಿರುವ ಸಂಖ್ಯೆಯನ್ನು 39 ಮತ್ತು 41ರ ಸಂಖ್ಯೆಗಳ ಜೊತೆ ಇಟ್ಟು ನೋಡಿದರೆ ತೊಡಕು ತಾನಾಗಿಯೇ ಗೊತ್ತಾಗುತ್ತದೆ. ನಲವತ್ತರ ಮುಂದೆ ಜನ ತುಂಬಿ ತುಳುಕುತ್ತಾರೆ, ಅಕ್ಕಪಕ್ಕ ಬರಿದು. 45, 50, 60ರಲ್ಲೂ ಇದೇ ಕಥೆ. ಯಾವುದೋ ಒಂದು ವರ್ಷ ಹೆಚ್ಚು ಮಕ್ಕಳು ಹುಟ್ಟಿದ್ದರಿಂದ ಹೀಗಾದದ್ದಲ್ಲ. ಹುಟ್ಟಿದ ವರ್ಷ ತಿಳಿಯದವರ ವಯಸ್ಸನ್ನು ಅಂದಾಜಿನಲ್ಲಿ ಬರೆಯುವಾಗ ಐದು ಅಥವಾ ಸೊನ್ನೆಯಲ್ಲಿ ಮುಗಿಯುವ ಅಂಕಿಯೇ ಬಾಯಿಗೆ ಮೊದಲು ಬರುತ್ತದೆ, ಅಷ್ಟೇ.

ಈ ತೊಡಕು ಭಾರತದ ಜನಗಣತಿಯಷ್ಟೇ ಹಳೆಯದು. ದೇಶದಾದ್ಯಂತ ಒಂದೇ ಹೊತ್ತಿಗೆ ಎಣಿಕೆ ಮೊದಲು ನಡೆದದ್ದು 1881ರಲ್ಲಿ. ಆಗಿನಿಂದಲೂ ವಯಸ್ಸಿನ ಅಂಕಿಗಳನ್ನು ವಿಮಾಗಣಿತಜ್ಞರ ಕೈಗೆ ಕೊಟ್ಟು, ತಿದ್ದಿಸಿ, ಆಮೇಲೆ ಯಾವ ವಯಸ್ಸಿನವರು ಇನ್ನೆಷ್ಟು ವರ್ಷ ಬದುಕಬಹುದು ಎಂದು ತೋರಿಸುವ ಆಯುಷ್ಯದ ಕೋಷ್ಟಕ ಮಾಡಿಸುವ ರೂಢಿ ಬೆಳೆಯಿತು. ಹಾರ್ಡಿ, ಆಕ್‌ಲ್ಯಾಂಡ್, ಮೀಕಲ್, ವೈದ್ಯನಾಥನ್ ಒಬ್ಬರಾದ ಮೇಲೊಬ್ಬರು ಆ ಕೆಲಸ ಮಾಡಿದರು.

ಇವುಗಳಲ್ಲಿ 1931ರ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಸಲ ತುಂಬಿದ ವರ್ಷದ ಬದಲು ಹತ್ತಿರದ ಹುಟ್ಟುಹಬ್ಬದ ವಯಸ್ಸು ಬರೆಸಿದರು. ವಿಂಗಡಿಸುವಾಗ 4–6, 7–13, 14–16, 17–23 ಎಂದು ಮೂರು ವರ್ಷದ್ದೊಂದು, ಏಳು ವರ್ಷದ್ದೊಂದು ಗುಂಪು ಮಾಡಿದರು. ಹೀಗೆ ಮಾಡಿದರೆ 5, 10, 15, 20 ಪ್ರತಿಯೊಂದೂ ತನ್ನ ಗುಂಪಿನ ನಟ್ಟನಡುವೆ ಬೀಳುತ್ತದೆ. ಏಳು ವರ್ಷದವನನ್ನೋ ಹದಿಮೂರರವನನ್ನೋ ಹತ್ತು ಎಂದು ಬರೆದಿದ್ದರೂ ಅವನು ಅದೇ ಗುಂಪಿನಲ್ಲಿ ಉಳಿಯುತ್ತಾನೆ. ಬಳಿಕ 4–6ರ ಅರ್ಧಕ್ಕೆ 7–13ರ ಅರ್ಧ ಕೂಡಿಸಿದರೆ ಐದರಿಂದ ಹತ್ತರೊಳಗಿನವರ ಲೆಕ್ಕ ಸಿಕ್ಕಿತು. ಜಾಣ ಉಪಾಯವೇ ಸರಿ. ಆದರೆ ಮನೆಬಾಗಿಲಲ್ಲಿ ಜನ ನಿಜವಾಗಿ ಏನು ಹೇಳಿದ್ದರು ಎಂಬುದು ಆ ಗುಂಪುಗಳೊಳಗೆ ಮುಚ್ಚಿಹೋಯಿತು. ಹಿಂದಿನ, ಮುಂದಿನ ಗಣತಿಗಳ ಜೊತೆ ಹೋಲಿಸುವವರಿಗೆ 1931 ಇಂದಿಗೂ ತಲೆನೋವು. ಮುಂದೆ ತುಂಬಿದ ವರ್ಷದ ಪದ್ಧತಿಯೇ ನೆಲೆನಿಂತಿತು.

ತಪ್ಪನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ವಿಪ್ಪಲ್ ಸೂಚ್ಯಂಕ. 23ರಿಂದ 62 ವರ್ಷದವರನ್ನು ಮಾತ್ರ ತೆಗೆದುಕೊಳ್ಳಬೇಕು. ಅವರಲ್ಲಿ 25, 30, 35 ಹೀಗೆ 60ರವರೆಗಿನ ಎಂಟು ವಯಸ್ಸುಗಳಲ್ಲಿ ಇರುವವರನ್ನು ಕೂಡಿಸಿ, ಐದರಿಂದ ಗುಣಿಸಿ, ಒಟ್ಟು ಜನರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಮುಗಿಯಿತು. ಸಾವಿರ ಜನರಲ್ಲಿ ಈ ಎಂಟು ವಯಸ್ಸಿನವರು 200ರ ಆಸುಪಾಸಿನಲ್ಲಿರಬೇಕು, ಆಗ ಸೂಚ್ಯಂಕ 100. 400 ಜನ ಸಿಕ್ಕರೆ ಸೂಚ್ಯಂಕ 200. ವಿಶ್ವಸಂಸ್ಥೆಯ ಮಾನದಂಡದಲ್ಲಿ 105ಕ್ಕಿಂತ ಕಡಿಮೆ ಇದ್ದರೆ ಅತ್ಯಂತ ನಿಖರ, 175 ದಾಟಿದರೆ ತೀರಾ ಒರಟು. ಹುಟ್ಟಿದ ವರ್ಷವನ್ನು ಪ್ರಾಣಿಯ ಹೆಸರಿನಿಂದ ನೆನಪಿಡುವ ಚೀನಾದಲ್ಲಿ, ಓದುಬರಹ ಬಾರದವರು ಬಹಳ ಇದ್ದಾಗಲೂ ಇದು ನೂರರ ಹತ್ತಿರವೇ ಇತ್ತು.

ಈ ಅಳತೆಗೋಲನ್ನು ಅತಿಯಾಗಿ ನಂಬುವುದೂ ಅಪಾಯ. ಅಂಕಿಗಳು ಒಂದೆಡೆ ಗುಂಪುಗೂಡಿರುವುದನ್ನು ಅದು ಹಿಡಿಯುತ್ತದೆ. ಎಲ್ಲರೂ ಒಂದೇ ದಿಕ್ಕಿಗೆ ಸರಿದಿದ್ದರೆ ಅದಕ್ಕೆ ಕಾಣುವುದಿಲ್ಲ. ಮುಪ್ಪಿನಲ್ಲಿ ವಯಸ್ಸು ಹೆಚ್ಚಿಸಿ ಹೇಳುವುದು, ಮದುವೆಯಾಗದ ಹುಡುಗಿಯ ವಯಸ್ಸು ತಗ್ಗಿಸುವುದು, ‘ಮೂವತ್ತೊಂದರಲ್ಲಿ ನಡೀತಿದೆ’ ಅಂದದ್ದನ್ನು 31 ಎಂದೇ ಬರೆದುಕೊಳ್ಳುವುದು, ಇವೆಲ್ಲ ಆ ಬಗೆಯವು. ಆರು ವರ್ಷದ ಮಗುವಿಗೆ ಏಳು ಎಂದು ಬರೆದರೆ ಎರಡು ಲೆಕ್ಕ ಒಟ್ಟಿಗೆ ಕೆಡುತ್ತವೆ: ಮಕ್ಕಳ ಲಿಂಗಾನುಪಾತಕ್ಕೆ 0–6, ಸಾಕ್ಷರತೆಗೆ 7 ಮತ್ತು ಮೇಲ್ಪಟ್ಟವರು.

ಮಾದರಿ ಸಮೀಕ್ಷೆಗಳಲ್ಲಿ ಇನ್ನೊಂದು ಬಗೆಯ ಜಾರುವಿಕೆ ಇದೆ. ಭಾರತದಲ್ಲಿ 1992–93ರಿಂದ ನಡೆಯುತ್ತಿರುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಸೇರಿದಂತೆ ಇಂಥವುಗಳಲ್ಲಿ ದೀರ್ಘ ಸಂದರ್ಶನ ಮುಖ್ಯವಾಗಿ 15ರಿಂದ 49 ವರ್ಷದ ಮಹಿಳೆಯರಿಗೆ. ಹದಿನೈದರವಳನ್ನು ಹದಿನಾಲ್ಕು ಎಂದು, 49ರವರನ್ನು 50 ಎಂದು ಬರೆದುಕೊಂಡರೆ ಒಂದು ಸಂದರ್ಶನದ ಶ್ರಮವೇ ಉಳಿಯುತ್ತದೆ. ಎಷ್ಟೋ ಬಡದೇಶಗಳ ಸಮೀಕ್ಷೆಗಳಲ್ಲಿ ಈ ಗುರುತು ಸ್ಪಷ್ಟವಾಗಿ ಸಿಕ್ಕಿದೆ. ದಿನಕ್ಕೆ ಇಷ್ಟು ಮನೆ ಮುಗಿಸಲೇಬೇಕು ಎಂಬ ಒತ್ತಡವಿರುವಲ್ಲಿ ಇದು ಆಶ್ಚರ್ಯವಲ್ಲ.

ಪುಟ್ಟ ಮಕ್ಕಳ ವಿಷಯದಲ್ಲಿ ತಿಂಗಳುಗಳ ತಪ್ಪೂ ದುಬಾರಿ. 83 ಸೆಂಟಿಮೀಟರ್ ಎತ್ತರದ ಗಂಡುಮಗುವಿಗೆ 24 ತಿಂಗಳಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಅದು ಕುಂಠಿತವಲ್ಲ, ಅಂದರೆ ವಯಸ್ಸಿಗೆ ತೀರಾ ಗಿಡ್ಡವಲ್ಲ, ಅಲ್ಲಿನ ಗಡಿ 81. ಅದೇ ಮಗುವಿಗೆ 30 ತಿಂಗಳಾಗಿದ್ದರೆ ಗಡಿ 85.1, ಮಗು ಕುಂಠಿತ. ‘ಎರಡು, ಎರಡೂವರೆ ವರ್ಷ ಇರಬಹುದು’ ಅನ್ನುವ ಒಂದು ಮಾತು ಮಗುವನ್ನು ಈ ಪಟ್ಟಿಯಿಂದ ಆ ಪಟ್ಟಿಗೆ ದಾಟಿಸುತ್ತದೆ. ಅದಕ್ಕೇ ತಾಯಿ ಕಾರ್ಡ್, ಅಂಗನವಾಡಿ ಪುಸ್ತಕ, ಜನನ ಪ್ರಮಾಣಪತ್ರ ತೋರಿಸಿ ಎಂದು ಕೇಳಲೇಬೇಕು. ಯಾವುದೂ ಇಲ್ಲದಿದ್ದರೆ ಹಬ್ಬ ಹಿಡಿದು ಕೇಳಬೇಕು: ಯುಗಾದಿಗೆ ಮುಂಚೆಯೋ ಆಮೇಲೋ, ಗೌರಿ ಹಬ್ಬದ ಹೊತ್ತಿಗೆ ಮಗು ಕೈಯಲ್ಲಿತ್ತೋ ಹೊಟ್ಟೆಯಲ್ಲಿತ್ತೋ?

ಹಿರಿಯರಿಗೂ ಇದೇ ದಾರಿ. ‘ದುರ್ಮುಖಿ ಸಂವತ್ಸರ’ ಎಂದರೆ 1956–57 ಅಥವಾ 2016–17. ನಡುವೆ ಅರವತ್ತು ವರ್ಷದ ಅಂತರವಿರುವುದರಿಂದ ಎದುರಿಗಿರುವವರನ್ನು ನೋಡಿದರೆ ಗೊಂದಲವೇ ಇಲ್ಲ. ಕರ್ನಾಟಕ ಏಕೀಕರಣ, ಇಂದಿರಾ ಗಾಂಧಿ ಹತ್ಯೆ, 1993ರ ಕಿಲ್ಲಾರಿ ಭೂಕಂಪದಂಥ ಘಟನೆಗಳ ಪಟ್ಟಿ ಕೈಯಲ್ಲಿದ್ದರೆ ಅಂದಾಜು ಎಷ್ಟೋ ಬಿಗಿಯಾಗುತ್ತದೆ. ಆದರೆ ಇದಕ್ಕೆ ಒಬ್ಬೊಬ್ಬರಿಗೂ ಐದಾರು ನಿಮಿಷ ಬೇಕು. 2011ರ ನಮೂನೆಯಲ್ಲಿ 29 ಪ್ರಶ್ನೆಗಳಿದ್ದವು. ನೂರಾರು ಜನರ ವಿವರ ಮೂರು ವಾರದೊಳಗೆ ಬರೆಯಬೇಕಾದ ಶಿಕ್ಷಕರೊಬ್ಬರಿಂದ ಅಷ್ಟು ಸಮಯ ನಿರೀಕ್ಷಿಸುವುದು ನ್ಯಾಯವಲ್ಲ.

ಆ ಸಲ ವಯಸ್ಸಿನ ಜೊತೆ ಹುಟ್ಟಿದ ದಿನಾಂಕವನ್ನೂ ಕೇಳಲಾಯಿತು. ಒಳ್ಳೆಯ ಹೆಜ್ಜೆ, ಆದರೆ ದಿನಾಂಕ ಇದ್ದ ಮಾತ್ರಕ್ಕೆ ಅದು ನಿಜವೆಂದಲ್ಲ. ನಮ್ಮ ಊರುಗಳಲ್ಲಿ ಜೂನ್ 1ರಂದು ಹುಟ್ಟಿದವರು ಅದೆಷ್ಟು ಜನ! ಶಾಲೆಗೆ ಸೇರಿಸುವ ದಿನ ಬರೆಸಿದ ಆ ದಿನಾಂಕವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಆಧಾರ್‌ಗೆ, ಗುರುತಿನ ಚೀಟಿಗೆ ಇಳಿದುಬಂದಿದೆ. ವಿಪ್ಪಲ್ ಸೂಚ್ಯಂಕ ಇದನ್ನು ಗಮನಿಸುವುದೇ ಇಲ್ಲ. ದಾಖಲೆ ಹೆಚ್ಚಿದಂತೆ ಅದು ಸುಧಾರಿಸುತ್ತಲೇ ಹೋಗುತ್ತದೆ, ನಿಜವಾದ ವಯಸ್ಸು ಒಂದೆರಡು ವರ್ಷ ಆಚೀಚೆ ಇದ್ದರೂ.

ಜನನ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. 2023ರ ತಿದ್ದುಪಡಿಯ ಪ್ರಕಾರ ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ದಾಖಲಾತಿಯಿಂದ ಹಿಡಿದು ಹಲವು ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಆಧಾರ. ಇದರ ಫಲ ವಯಸ್ಕರ ಕೋಷ್ಟಕದಲ್ಲಿ ಕಾಣಲು ದಶಕಗಳು ಬೇಕು. 2027ರ ಮಾರ್ಚ್ 1ನ್ನು ಆಧಾರದಿನವಾಗಿ ಇಟ್ಟುಕೊಂಡ ಜನಗಣತಿ ಮೊಬೈಲ್ ಆ್ಯಪ್‌ ಮೂಲಕ ಎಂದು ಘೋಷಣೆಯಾಗಿದೆ. ದಿನಾಂಕ ಒತ್ತಿದರೆ ವಯಸ್ಸು ಲೆಕ್ಕಹಾಕುವುದು ಯಂತ್ರಕ್ಕೆ ಕಷ್ಟವೇನಲ್ಲ. ಆದರೆ ಆ ದಿನಾಂಕ ಪ್ರಮಾಣಪತ್ರದ್ದೋ, ಶಾಲೆಯದ್ದೋ, ಮನೆಯವರ ಅಂದಾಜೋ ಎಂದು ಗುರುತು ಹಾಕುವ ಕಾಲಂ 2011ರ ನಮೂನೆಯಲ್ಲಿ ಇರಲಿಲ್ಲ. ಅದೊಂದು ಸೇರಿದರೆ, ಯಾವ ಅಂಕಿಯನ್ನು ಎಷ್ಟು ನಂಬಬೇಕು ಎಂದು ಲೆಕ್ಕ ಮಾಡುವವರು ಊಹಿಸುತ್ತ ಕೂರಬೇಕಾಗಿಲ್ಲ.